ಕರಿಹಲಗೆ ಹೊತ್ತವನ ಹೆಸರು

ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. "ಹೌದು ಸಾರ್, ಇವಳೇ ಅವಳು" ಅನ್ನಬೇಕಿತ್ತು, ಅಷ್ಟೆ. ಮೇಜಿನ ಆ ಕಡೆ ವಿದ್ಯಾ ಇಲಾಖೆಯ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಈ ಕಡೆ ನಮ್ಮ ಸಮಾಜದ ಟ್ರಸ್ಟಿನ ಹಿರಿಯರು ಹಪ್ಪಳ ಮುರಿಯುತ್ತ ಕೂತಿದ್ದರು. ಬಾಗಿಲ ಹೊರಗೆ, ಮಕ್ಕಳ ಬೆಂಚಿನ ಮೇಲೆ, ನನ್ನ ಅಕ್ಕ ಕೂತಿದ್ದಳು. ನಾನು ಹೇಳಿದ್ದು ಬೇರೆ ಮಾತು. ಅದನ್ನು ಬರೆಯುವ ಮೊದಲು ಆ ಟ್ರಸ್ಟು ಹೇಗೆ ಹುಟ್ಟಿತು ಅನ್ನುವುದನ್ನು ಬರೆಯಬೇಕು. ಅವರೇ ಅಚ್ಚು ಹಾಕಿಸಿದ ಚರಿತ್ರೆ ಒಂದಿದೆ, ನುಣುಪು ಕಾಗದದ ಮೇಲೆ. ಅದು ಸುಳ್ಳು. ಅದರಲ್ಲಿ ನನ್ನ ಪಾಲಿನ ಸುಳ್ಳೂ ಸೇರಿದೆ.

ನಾವು ಸಿಂಧಿಗಳು. ಆದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಬರೆಯಲು ಬರುವುದು ಇದೊಂದೇ. ರಾಜಾಜಿನಗರದ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ, ಅದರಲ್ಲೂ ಒಂದು ಸಲ ಫೇಲಾದೆ. ನಮ್ಮ ಭಾಷೆಯನ್ನು ಆಡಬಲ್ಲೆ, ಓದಲಾರೆ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ದೇಶ ಒಡೆದಾಗ ಅವಳು ಅಮ್ಮನ ಸೊಂಟದ ಮೇಲಿನ ಕೂಸು. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಕಲ್ಯಾಣದ ಹತ್ತಿರದ ಶಿಬಿರಕ್ಕೆ, ಅಲ್ಲಿಂದ ಯಾರೋ ನೆಂಟರ ಮಾತು ನಂಬಿ ಬೆಂಗಳೂರಿಗೆ ಬಂದರು. ನಾನು ಇಲ್ಲೇ ಹುಟ್ಟಿದವನು. ಹಿರಿಯರ ಮುಂದೆ ನಾವಿಬ್ಬರೂ ಸಿಂಧಿ ಆಡುತ್ತಿದ್ದೆವು. ಇಬ್ಬರೇ ಇದ್ದಾಗ ಕನ್ನಡ. ದೊಡ್ಡವರಿಗೆ ತಿಳಿಯಬಾರದ ಮಾತಿಗೆ ಕನ್ನಡ ಬಹಳ ಅನುಕೂಲವಾಗಿತ್ತು. ಇಪ್ಪತ್ತೈದು ವರ್ಷ ಈ ಊರಿನಲ್ಲಿ ವ್ಯಾಪಾರ ಮಾಡಿದ ಮೇಲೂ ಅವರಿಗೆ ಬರುತ್ತಿದ್ದ ಕನ್ನಡ, ಬಟ್ಟೆಯ ಅಳತೆ ಮತ್ತು ದರಕ್ಕೆ ಬೇಕಾದಷ್ಟೇ.

ಅಮಾವಾಸ್ಯೆ ಕಳೆದು ಚಂದ್ರ ಕಂಡ ಸಂಜೆ ನಮ್ಮವರು ಒಂದೆಡೆ ಸೇರುವುದು ರೂಢಿ. ದೀಪ ಹಚ್ಚುತ್ತಾರೆ, ಸಿಹಿ ಅನ್ನ ಹಂಚುತ್ತಾರೆ. ಆ ಕೂಟದಲ್ಲೇ ಟ್ರಸ್ಟು ಹುಟ್ಟಿದ್ದು, ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ. ಯಾರೋ ಅಂದರು, ಮಕ್ಕಳು ಭಾಷೆ ಮರೆಯುತ್ತಿದ್ದಾರೆ, ನಮ್ಮದೇ ಒಂದು ಶಾಲೆ ಬೇಕು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮ ಹಿರಿಯರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಆಮೇಲೆ ಪ್ರತಿಯೊಬ್ಬರೂ ತಾವು ಬಿಟ್ಟುಬಂದ ಹವೇಲಿಯ ವರ್ಣನೆ ಮಾಡಿದರು. ಒಬ್ಬರದು ಮೂರು ಅಂಗಳದ್ದು, ಮುಂದಿನವರದು ನಾಲ್ಕು. ತಿಂಗಳಿಂದ ತಿಂಗಳಿಗೆ ಅಂಗಳಗಳು ಹೆಚ್ಚುತ್ತಿದ್ದವು. ಆ ಕೋಣೆಯನ್ನು ನಂಬಿದರೆ ಜಮೀನ್ದಾರನಲ್ಲದ ಒಬ್ಬನೂ ಸಿಂಧ್ ಬಿಟ್ಟು ಬಂದಿರಲಿಲ್ಲ. ನನ್ನ ಅಪ್ಪ ಮಾತ್ರ, "ನಾನು ಅಲ್ಲೂ ಬಟ್ಟೆ ಗಂಟು ಹೊತ್ತು ಮನೆ ಮನೆಗೆ ಮಾರುತ್ತಿದ್ದೆ, ಇಲ್ಲೂ ಅದೇ" ಅಂದ. ಅವನನ್ನು ಯಾರೂ ಸಮಿತಿಗೆ ಸೇರಿಸಿಕೊಳ್ಳಲಿಲ್ಲ.

ಅಧ್ಯಕ್ಷರಾದವರು ರಾಜಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ನಾನು ಅವರ ಅಂಗಡಿಯಲ್ಲೇ ಮೀಟರ್ ಕೋಲು ಹಿಡಿದು ನಿಲ್ಲುತ್ತಿದ್ದೆ. ಹಿರಿಯರನ್ನು ನಮ್ಮಲ್ಲಿ ಸಾಯಿಂ ಅನ್ನುತ್ತಾರೆ. ದಿನಕ್ಕೆ ನೂರು ಸಲ ಆ ಮಾತು ನನ್ನ ಬಾಯಲ್ಲಿ ಬರುತ್ತಿತ್ತು. ಗಿರಾಕಿಗಳ ಮುಂದೆ ಅವರು ನನ್ನನ್ನು 'ನಮ್ಮ ಹುಡುಗ' ಅನ್ನುತ್ತಿದ್ದರು. ಆ ಒಂದು ಪದಕ್ಕೆ ಎಷ್ಟು ಹಿಗ್ಗುತ್ತಿದ್ದೆ ಅಂತ ನೆನೆಸಿಕೊಂಡರೆ ಈಗ ನನ್ನ ಮೇಲೇ ಅಸಹ್ಯವಾಗುತ್ತದೆ.

ಟ್ರಸ್ಟಿನ ಮೊದಲ ಎರಡು ವರ್ಷ ಬೋರ್ಡಿನ ಜಗಳದಲ್ಲಿ ಕಳೆಯಿತು. ಶಾಲೆ ಇರಲಿಲ್ಲ, ಜಾಗ ಇರಲಿಲ್ಲ, ಒಬ್ಬ ಟೀಚರ್ ಇರಲಿಲ್ಲ. ಬೋರ್ಡು ಯಾವ ಲಿಪಿಯಲ್ಲಿ ಇರಬೇಕು ಅನ್ನುವುದು ಪ್ರಶ್ನೆ. ಅರ್ಧ ಜನ, ಬಲದಿಂದ ಎಡಕ್ಕೆ ಬರೆಯುವ ನಮ್ಮ ಹಳೆಯ ಲಿಪಿಯೇ ಬೇಕು ಅಂದರು. ಇನ್ನರ್ಧ ಜನ, ಅದು ಬಿಟ್ಟುಬಂದ ದೇಶದ್ದು, ನಾಗರಿಯಲ್ಲಿ ಬರೆಸಿ ಅಂದರು. ಎರಡು ತಿಂಗಳ ಕೂಟದಲ್ಲಿ ಒಂದು ಗುಂಪು ಸಿಹಿ ಅನ್ನ ಮುಟ್ಟದೆ ಎದ್ದು ಹೋಯಿತು. ಯಾವ ಮಕ್ಕಳಿಗಾಗಿ ಈ ಯುದ್ಧವೋ ಆ ಮಕ್ಕಳು ಹೊರಗೆ ಬೀದಿಯಲ್ಲಿ ಕನ್ನಡದಲ್ಲಿ ಬೈದಾಡಿಕೊಂಡು ಗೋಲಿ ಆಡುತ್ತಿದ್ದವು.

ಹೆಂಗಸರು ಸಭೆಯಲ್ಲಿ ಕೂರುತ್ತಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅಂಥ ಒಂದು ಸಂಜೆ ಅಕ್ಕ ಬಾಗಿಲು ದಾಟಿ ಒಂದು ಹೆಜ್ಜೆ ಒಳಗೆ ಬಂದಳು. ಆಗ ಅವಳು ಪಿಯುಸಿ ಮುಗಿಸಿ ಮನೆಯಲ್ಲಿದ್ದಳು.

"ಬೋರ್ಡು ಆಮೇಲೆ ಬರೆಸಿ ಸಾಯಿಂ. ನಾಳೆಯಿಂದ ಮಕ್ಕಳನ್ನ ಕಳಿಸ್ತೀರಾ?"

"ಎಲ್ಲಿಗೆ?" ಅಂದರು ಅಧ್ಯಕ್ಷರು.

"ಮಾಗಡಿ ರೋಡ್ ಕಡೆ ಒಂದು ಮಗ್ಗದ ಶೆಡ್ಡು ಖಾಲಿ ಬಿದ್ದಿದೆ. ಅದರ ಮಾಲೀಕರನ್ನ ಕೇಳ್ಕೊಂಡು ಬಂದಿದ್ದೀನಿ. ಮಧ್ಯಾಹ್ನದವರೆಗೆ ಇಟ್ಕೊಳ್ಳಿ ಅಂದ್ರು."

"ಪಾಠ ಯಾರು ಮಾಡೋದು?"

"ನಾನೇ."

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. ತಮ್ಮ ಕೈಯಿಂದ ಏನೂ ಹೋಗದೆ ಶಾಲೆಯೊಂದು ಆಗುತ್ತದೆ ಅಂದಾಗ ಅವರು ಯಾವತ್ತೂ ನಕ್ಕವರಲ್ಲ.

ಮೊದಲ ದಿನ ಏಳು ಮಕ್ಕಳು ಬಂದರು. ಅದರಲ್ಲಿ ನಮ್ಮವರು ಮೂವರು. ಉಳಿದವರು ಅಕ್ಕಪಕ್ಕದ ಫ್ಯಾಕ್ಟರಿ ಕೆಲಸಗಾರರ ಮಕ್ಕಳು. ಶೆಡ್ಡಿಗೆ ಬಾಗಿಲು ಇರಲಿಲ್ಲ, ಏನಿಟ್ಟರೂ ಮಾರನೇ ದಿನಕ್ಕೆ ಇರುತ್ತಿರಲಿಲ್ಲ. ಅದಕ್ಕೆ ಕರಿಹಲಗೆಯನ್ನು ದಿನಾ ಬೆಳಿಗ್ಗೆ ಮನೆಯಿಂದ ನಾನು ತಲೆಯ ಮೇಲೆ ಹೊತ್ತುಕೊಂಡು ಹೋಗಿ, ಗೋಡೆಗೆ ಒರಗಿಸಿ, ಅಲ್ಲಿಂದ ಅಂಗಡಿಗೆ ಓಡುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗಿ ವಾಪಸು ಹೊತ್ತು ತರುತ್ತಿದ್ದೆ. ಹೀಗೆ ನಾಲ್ಕು ವರ್ಷ. ನನ್ನ ಪಕ್ಕದಲ್ಲಿ ಅಕ್ಕ ಬಟ್ಟೆ ಚೀಲದಲ್ಲಿ ಸೀಮೆಸುಣ್ಣ ಮತ್ತು ಹಾಜರಿ ಪುಸ್ತಕ ಹಿಡಿದು ನಡೆಯುತ್ತಿದ್ದಳು. ಹಲಗೆ ನನ್ನ ಕಣ್ಣಿಗೆ ಅಡ್ಡ ಬರುತ್ತಿತ್ತು, ಹಾದಿ ಅವಳು ಹೇಳುತ್ತಿದ್ದಳು.

"ಗುಂಡಿ ಇದೆ ಕಣೋ, ಎಡಕ್ಕೆ ಬಾ. ಇನ್ನೂ ಎಡಕ್ಕೆ. ನಿನ್ನ ಎಡಗೈ ಯಾವುದು ಅಂತ ಇನ್ನೂ ಗೊತ್ತಾಗಿಲ್ವಾ? ಅದಕ್ಕೇ ಫೇಲಾಗಿದ್ದು ನೀನು."

ಬೋರ್ಡಿನ ಜಗಳವನ್ನೂ ಅವಳೇ ಮುಗಿಸಿದಳು. ಒಂದು ತಗಡಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ 'ಶಾಲೆ' ಅಂತ ಬಣ್ಣದಲ್ಲಿ ಬರೆದು, ಯಾರೂ ಕೀಳದ ಹಾಗೆ ಶೆಡ್ಡಿನ ಗೋಡೆಗೆ ಮೊಳೆ ಹೊಡೆದಳು. ಹಿರಿಯರು ಎರಡು ಗುಂಪಾಗಿ ಬಂದು ನೋಡಿ, ಮೊದಲ ಬಾರಿಗೆ ಒಂದೇ ಗುಂಪಾಗಿ ಸಿಟ್ಟು ಮಾಡಿಕೊಂಡು ಹೋದರು. ತಗಡು ಅಲ್ಲೇ ಇತ್ತು.

ಅವಳ ಕ್ಲಾಸಿನಲ್ಲಿ ಒಂದು ನಿಯಮ ಇತ್ತು. ಯಾವ ಮಗುವೂ ಬರೀ 'ಸಾರಿ ಮಿಸ್' ಅಂದು ಕೂರುವ ಹಾಗಿರಲಿಲ್ಲ. ಎದ್ದು ನಿಲ್ಲಬೇಕು, ಯಾರಿಗೆ ತಪ್ಪು ಮಾಡಿದ್ದೋ ಅವರ ಕಡೆ ತಿರುಗಿ ಹೆಸರು ಹಿಡಿದು ಕರೆಯಬೇಕು, ಏನು ಮಾಡಿದೆ, ಯಾಕೆ ಮಾಡಿದೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಒಂದು ದಿನ ನಾನು ಹಲಗೆ ಎತ್ತಲು ಹೋದಾಗ ಒಬ್ಬ ಪುಟ್ಟ ಹುಡುಗಿ ಎದ್ದು ನಿಂತು, ಪಕ್ಕದವಳನ್ನು ನೋಡುತ್ತ, "ನಿನ್ನ ಬಳಪ ನಾನೇ ತಿಂದಿದ್ದು, ರುಚಿ ಚೆನ್ನಾಗಿತ್ತು, ಅದಕ್ಕೇ ತಿಂದೆ" ಅಂದಳು. ಅಕ್ಕ ನಗಲಿಲ್ಲ. "ಪೂರ್ತಿ ಹೇಳಿದ್ದೀಯ, ಕೂತ್ಕೋ" ಅಂದಳು. ಆ ಹುಡುಗಿಗೆ ಇದ್ದ ಧೈರ್ಯದ ಕಾಲು ಭಾಗ ನನಗಿದ್ದಿದ್ದರೆ ಈ ಬರಹದ ಅಗತ್ಯ ಬರುತ್ತಿರಲಿಲ್ಲ.

ಶೆಡ್ಡಿನಲ್ಲಿ ಮಕ್ಕಳು ಹೆಚ್ಚಿದ ಹಾಗೆ ಟ್ರಸ್ಟಿನವರಿಗೆ ಶಾಲೆಯ ಮೇಲೆ ಪ್ರೀತಿ ಹೆಚ್ಚಿತು. ಚೇಟಿ ಚಂಡ್ ನಮ್ಮ ಹೊಸ ವರ್ಷದ ದಿನ. ಒಂದು ವರ್ಷ ಆ ದಿನ ವೇದಿಕೆಯ ಮೇಲೆ ಅಧ್ಯಕ್ಷರು ಎಲ್ಲರ ಮುಂದೆ, ದೇವರ ಜ್ಯೋತಿಯ ಮುಂದೆ ಮಾತು ಕೊಟ್ಟರು. ಮೊದಲ ದಿನದಿಂದ ಜೊತೆಗೆ ನಿಂತವರನ್ನು ಈ ಸಂಸ್ಥೆ ಕೊನೆಯವರೆಗೂ ಕೈಬಿಡುವುದಿಲ್ಲ. ಅಕ್ಕ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಅಮ್ಮ ಅವಳ ಕೈ ಒತ್ತಿದ್ದನ್ನು ನಾನು ನೋಡಿದೆ.

ಆಮೇಲೆ ಅವಳ ಮದುವೆಯಾಯಿತು. ಗಂಡು ಮುಂಬಯಿ ಕಡೆಯವನು, ಹೊರದೇಶದ ಒಂದು ಬಂದರಿನಲ್ಲಿ ನಮ್ಮವರದೇ ಕಂಪನಿಯಲ್ಲಿ ಕೆಲಸ. ಮೂರು ವರ್ಷ ಅಲ್ಲಿ, ಆರು ತಿಂಗಳು ಇಲ್ಲಿ. ನಮ್ಮಲ್ಲಿ ಮದುವೆಯಾದ ಹೆಣ್ಣಿಗೆ ಮನೆತನದ ಹೆಸರಷ್ಟೇ ಅಲ್ಲ, ಹುಟ್ಟು ಹೆಸರೂ ಬದಲಾಗುತ್ತದೆ. ಸಪ್ತಪದಿ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಪುರೋಹಿತ ಪಂಚಾಂಗ ನೋಡಿ, ಗಂಡನ ಹೆಸರಿಗೆ ಹೊಂದುವ ಹೊಸ ಹೆಸರು ಇಡುತ್ತಾನೆ. ಆವತ್ತು ಆ ಹೊತ್ತಿಗೆ ನಾನು ಹೊರಗೆ ಪೆಂಡಾಲಿನಲ್ಲಿ ಶರಬತ್ತು ಹಂಚುತ್ತಿದ್ದೆ. ಟ್ರಸ್ಟಿನ ಹಿರಿಯರೆಲ್ಲ ಸಾಲಾಗಿ ಕೂತು ಎರಡೆರಡು ಲೋಟ ಕುಡಿದರು. ಅಧ್ಯಕ್ಷರು ಹುಡುಗಿಯ ಕಡೆಯವರಾಗಿ ಒಳಗೇ ಇದ್ದರು. ಹೊಸ ಹೆಸರು ಕೇಳಿ ಮೊದಲು ಅಕ್ಕಿಕಾಳು ಹಾಕಿದ್ದು ಅವರೇ ಅಂತ ಅಮ್ಮ ಆಮೇಲೆ ಹೆಮ್ಮೆಯಿಂದ ಹೇಳಿದಳು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಹೊರಡುವ ಮೊದಲು ಅಕ್ಕ ನನ್ನನ್ನು ಮೂಲೆಗೆ ಕರೆದಳು. ಕನ್ನಡದಲ್ಲಿ ಅಂದಳು, "ಇಷ್ಟು ವರ್ಷ ಒಂದು ಹೆಸರಿಗೆ ತಿರುಗಿ ನೋಡಿದ್ದೀನಿ ಕಣೋ. ಇನ್ಮೇಲೆ ಯಾರಾದ್ರೂ ಆ ಹೆಸರು ಕೂಗಿದ್ರೆ ತಿರುಗಬಾರದಂತೆ. ಅಭ್ಯಾಸ ಆಗೋಕೆ ಎಷ್ಟು ದಿನ ಬೇಕೋ."

"ನಾನು ಹೆಂಗಿದ್ರೂ ಅಕ್ಕ ಅಂತೀನಲ್ಲ. ನಂಗೇನು ತೊಂದ್ರೆ" ಅಂದೆ. ಬುದ್ಧಿವಂತಿಕೆಯ ಮಾತು ಆಡಿದೆ ಅಂದುಕೊಂಡಿದ್ದೆ.

ಅವಳ ಎರಡೂ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದನ್ನು ಬರೆಯುವ ಮನಸ್ಸಿಲ್ಲ, ಇನ್ನೊಂದನ್ನು ಕಾಗದದ ಮೇಲೆ ಹಾಕುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ.

ಗಂಡ ಮೂರು ತಿಂಗಳಿಗೆ ಬಂದರಿಗೆ ಹೊರಟುಹೋದ. ಮೊದಲ ವರ್ಷ ಕಾಗದ ಬಂತು. ಆಮೇಲೆ ಕಾಗದ ನಿಂತು ಸುದ್ದಿ ಬಂತು, ಅಲ್ಲಿ ಅವನಿಗೆ ಇನ್ನೊಂದು ಸಂಸಾರ ಇದೆ ಅಂತ. ಅತ್ತೆಮನೆಯವರು, "ಗಂಡಸರು ದೂರ ಇದ್ದರೆ ಹೀಗೆಲ್ಲ ಇರುತ್ತದೆ, ನೀನು ಇಲ್ಲಿ ಅಡುಗೆ ಮಾಡಿಕೊಂಡಿರು" ಅಂದರು. ಇವಳು ಒಂದು ಟ್ರಂಕು ಹಿಡಿದು ವಾಪಸು ಬಂದಳು. ಅಪ್ಪ ಅಷ್ಟರಲ್ಲಿ ತೀರಿಹೋಗಿದ್ದ, ಅಮ್ಮ ಅವಳು ಬಂದ ವರ್ಷವೇ ಹೋದಳು. ಸಮಾಜದ ಹೆಂಗಸರು ಮಾತಾಡಿಸಲು ಬಂದರು, ಅಂದರೆ ನೋಡಲು ಬಂದರು. ನನಗೂ ಒಳಗೊಳಗೇ ನಾಚಿಕೆಯಾಗಿತ್ತು. ನಾಚಿಕೆ ಆಗಬೇಕಾದವನು ಬಂದರಿನಲ್ಲಿದ್ದ. ನಾನು ಮಾತ್ರ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅಕ್ಕನ ಮಾತು ಬಂದರೆ ಬಟ್ಟೆ ಮಡಿಸುತ್ತ ತಲೆ ತಗ್ಗಿಸುತ್ತಿದ್ದೆ.

ಶಾಲೆ ಆಗ ಬಾಗಿಲಿರುವ ಒಂದು ಬಾಡಿಗೆ ಮನೆಗೆ ಬಂದಿತ್ತು. ಟ್ರಸ್ಟಿನವರು ಅಕ್ಕನನ್ನು 'ಸದ್ಯಕ್ಕೆ' ಅಂತ ಮತ್ತೆ ಸೇರಿಸಿಕೊಂಡರು. ಹಾಜರಿ ಪುಸ್ತಕದಲ್ಲಿ ಈಗ ಅವಳ ಮದುವೆ ಹೆಸರು. ಒಂದು ವರ್ಷ ಕಳೆಯಿತು. ಸರ್ಕಾರದ ಮಾನ್ಯತೆಗೆ ಅರ್ಜಿ ಹಾಕಿದರು. ಮಕ್ಕಳ ಸಂಖ್ಯೆ ಸಾಲದೆ ಬಂದಾಗ, 'ನಮ್ಮ ಭಾಷೆ, ನಮ್ಮ ಮಕ್ಕಳು' ಅನ್ನುತ್ತಿದ್ದ ಇದೇ ಜನ ಹೆಗ್ಗನಹಳ್ಳಿಯ ಮನೆಮನೆಗೆ ಹೋಗಿ, ನಿಮ್ಮ ಮಕ್ಕಳನ್ನು ಕಳಿಸಿ ಅಂತ ಕೈಮುಗಿದು ಬಂದರು.

ಟೀಚರುಗಳ ಪಟ್ಟಿಯನ್ನು ಇಲಾಖೆಗೆ ಕೊಡಬೇಕಿತ್ತು. ಅಕ್ಕನಿಗೆ ಟ್ರೈನಿಂಗ್ ಆಗಿರಲಿಲ್ಲ. ಆದರೆ ಶಾಲೆಯ ಮೊದಲ ದಿನದಿಂದ ಪಾಠ ಮಾಡಿದವರಿಗೆ ಆ ಹಳೆಯ ಸೇವೆ ಲೆಕ್ಕಕ್ಕೆ ಬರುತ್ತದೆ, ಕೆಲಸ ಖಾಯಂ ಆಗುತ್ತದೆ ಅಂತ ಅಧಿಕಾರಿ ಹೇಳಿದ್ದರು. ಹಳೆಯ ನಾಲ್ಕು ವರ್ಷದ ಹಾಜರಿ ಪುಸ್ತಕದಲ್ಲಿ ಇದ್ದದ್ದು ಅವಳ ಹುಟ್ಟು ಹೆಸರು, ಅರ್ಜಿಯಲ್ಲಿ ಇದ್ದದ್ದು ಮದುವೆ ಹೆಸರು. ಇಬ್ಬರೂ ಒಬ್ಬಳೇ ಅಂತ ಬಲ್ಲವರೊಬ್ಬರು ಅಧಿಕಾರಿಯ ಮುಂದೆ ಹೇಳಿ ರುಜು ಹಾಕಬೇಕಿತ್ತು. ಆ ರುಜು ಬಿದ್ದರೆ ಗಂಡ ಬಿಟ್ಟ ಹೆಣ್ಣಿಗೆ ಬದುಕಿರುವವರೆಗೂ ಒಂದು ಕೆಲಸ, ಒಂದು ಗೌರವ. ಬೀಳದಿದ್ದರೆ ಅವಳು ಟ್ರೈನಿಂಗ್ ಇಲ್ಲದ ಒಂದು ವರ್ಷದ ಟೀಚರ್, ನಾಳೆಯಿಂದ ಬೇಡ.

ಹಿಂದಿನ ದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಅಧ್ಯಕ್ಷರು ನನ್ನನ್ನು ಕರೆದರು. ಅವರ ಸೊಸೆ ಡಿಗ್ರಿ ಮಾಡಿದವಳು, ಮನೆಯಲ್ಲಿ ಬೇಸರವಂತೆ. ಆ ಮಾತನ್ನು ಸುಮ್ಮನೆ ಗಾಳಿಗೆ ಹೇಳಿದರು. ಆಮೇಲೆ ಕೇಳಿದರು, "ವಿಜಯನಗರದಲ್ಲಿ ಹೊಸ ಅಂಗಡಿ ತೆಗೀತಾ ಇದೀನಿ. ಗಲ್ಲಾಪೆಟ್ಟಿಗೆ ಮುಂದಿನ ಗಾದಿ ಮೇಲೆ ಯಾರನ್ನ ಕೂರಿಸ್ಲಿ?"

"ತಾವು ಹೇಳಿದ ಹಾಗೆ ಸಾಯಿಂ."

"ನಂಬಿಕಸ್ತ ಬೇಕು. ಸುಳ್ಳು ಹೇಳದೋನು." ಒಂದು ತುಂಡು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ನಾಳೆ ಆಫೀಸರ್ ಬರ್ತಾರೆ. ನಿನ್ನ ಕಣ್ಣಲ್ಲಿ ನೋಡಿದ್ದನ್ನಷ್ಟೇ ಹೇಳು. ಮದುವೇಲಿ ಹೆಸರಿಟ್ಟಾಗ ನೀನು ಒಳಗಿದ್ಯಾ?"

"ಇಲ್ಲ ಸಾಯಿಂ. ಹೊರಗೆ ಶರಬತ್ತು ಕೊಡ್ತಿದ್ದೆ."

"ಹಾಂ. ಮತ್ತೆ ನಿಜ ಅದೇ ತಾನೆ? ನಿಜ ಹೇಳೋಕೆ ಏನು ಕಷ್ಟ."

ಇದು ಅವರ ಕೆಲಸದ ರೀತಿ. ಸುಳ್ಳು ಹೇಳು ಅಂತ ಅವರು ಯಾರಿಗೂ ಯಾವತ್ತೂ ಹೇಳಿದವರಲ್ಲ. ಮೀಟರಿಗೆ ಒಂದು ಬೆರಳು ಕಡಿಮೆ ಅಳೆಯುವುದನ್ನು ಕಲಿಸುವಾಗಲೂ, "ಬಟ್ಟೆಯನ್ನ ಸ್ವಲ್ಪ ಎಳೆದು ಹಿಡಿ, ಅಳತೆ ಸರಿಯಾಗಿ ಬರುತ್ತೆ" ಅಂದಿದ್ದರು.

ಬೆಳಿಗ್ಗೆ ಅಕ್ಕ ನನಗೆ ಈರುಳ್ಳಿ ಹಾಕಿದ ದಪ್ಪ ರೊಟ್ಟಿ, ನಾವು ಕೋಕಿ ಅನ್ನುತ್ತೇವೆ, ಅದನ್ನು ಮೊಸರಿನ ಜೊತೆ ಕೊಟ್ಟಳು. "ಒಂದೇ ಒಂದು ಮಾತು ಹೇಳು ಕಣೋ, ಸಾಕು" ಅಂದಳು.

"ಹೇಳ್ತೀನಿ ಬಿಡು" ಅಂದೆ. ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಅಧಿಕಾರಿ ಹುಬ್ಬಳ್ಳಿ ಕಡೆಯವರು, ಹಣೆಯ ಮೇಲೆ ವಿಭೂತಿ. ಒಳ್ಳೆಯ ಮನುಷ್ಯ. ಎರಡು ಪುಸ್ತಕಗಳನ್ನೂ ಎದುರಿಗೆ ಬಿಡಿಸಿಟ್ಟುಕೊಂಡು, "ಅಕ್ಷರ ಎರಡರಾಗೂ ಒಂದೇ ಐತಿ ನೋಡ್ರಿ" ಅಂದರು. "ಆದ್ರ ಅಕ್ಷರ ಒಂದೇ ಅಂತ ನಾ ಬರಿಯೂಹಂಗಿಲ್ಲ. ಬಲ್ಲವರು ಒಬ್ಬರು ಹೇಳಬೇಕು. ನಿಮ್ಮೊಳಗ ಲಗ್ನದಾಗ ಹೆಸರು ಬದ್ಲಿ ಮಾಡ್ತಾರಂತ ಕೇಳೀನಿ. ಹೌದೇನ್ರಿ?"

ಕೋಣೆಯಲ್ಲಿದ್ದವರಲ್ಲಿ ಆ ಮದುವೆಯ ಊಟ ಉಣ್ಣದವನು ಒಬ್ಬನೂ ಇರಲಿಲ್ಲ. ಒಬ್ಬರು ಕನ್ನಡಕ ಒರೆಸಿದರು. ಒಬ್ಬರು ಹಪ್ಪಳದ ಚೂರನ್ನು ತಟ್ಟೆಯ ಅಂಚಿಗೆ ಸರಿಸಿದರು. ಖಜಾಂಚಿ ಕಿಟಕಿಯಾಚೆ ಯಾವುದೋ ಕಾಗೆಯನ್ನು ನೋಡಿದರು. ಅಕ್ಕಿಕಾಳು ಹಾಕಿದ ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿ, "ನಮಗೆಲ್ಲ ವಯಸ್ಸಾಯ್ತು ಸಾರ್, ಅವಳ ಖಾಸಾ ತಮ್ಮನೇ ಇದಾನೆ, ಅವನನ್ನ ಕೇಳಿ" ಅಂತ ಹಿಂದಿಯಲ್ಲಿ ಅಂದರು.

ಅಧಿಕಾರಿ ನನ್ನ ಕಡೆ ತಿರುಗಿದರು. "ಹೇಳಪ್ಪಾ."

"ಹೆಸರಿಟ್ಟಾಗ ನಾನು ಒಳಗಿರಲಿಲ್ಲ ಸಾರ್."

"ಇರಲಿ. ಈಕೆ ನಿಮ್ಮ ಅಕ್ಕ ಹೌದಲ್ಲೋ?"

"ಅಕ್ಕನೇ ಸಾರ್."

"ಮತ್ತ ಈ ಹಳೇ ಪುಸ್ತಕದಾಗ ಇರೋದು ಯಾರು?"

"ಅದು ನಂಗೆ ಗೊತ್ತಿಲ್ಲ ಸಾರ್. ನಾನು ಅಂಗಡಿಯಲ್ಲಿ ಇರ್ತಿದ್ದೆ."

ಅಧಿಕಾರಿ ಪುಸ್ತಕದಿಂದ ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು. ಪಟ್ಟಿ ಅವತ್ತೇ ಹೋಗಬೇಕಿತ್ತು. ಅವರು ಪೆನ್ನಿಗೆ ಮುಚ್ಚಳ ಹಾಕಿ, "ಹಿಂಗಾದ್ರ ನಾ ಏನ್ ಮಾಡ್ಲಿ" ಅಂದರು. ಮನೆಗೆ ಬಂದವರಿಗೆ ನಮ್ಮಲ್ಲಿ ಮೊದಲು ಕೊಡುವುದು ಹಪ್ಪಳ ಮತ್ತು ನೀರು, ಅದನ್ನು ಮುಟ್ಟದೆ ಎದ್ದುಹೋದರು. ಬಾಗಿಲು ದಾಟುವಾಗ ಬೆಂಚಿನ ಮೇಲಿದ್ದ ಅಕ್ಕನಿಗೆ ಕೈಮುಗಿದರು. ನಮ್ಮವರಲ್ಲಿ ಯಾರೂ ಅಷ್ಟನ್ನೂ ಮಾಡಲಿಲ್ಲ.

ಬಾಗಿಲು ತೆರೆದೇ ಇತ್ತು. ಅವಳು ಪ್ರತಿ ಮಾತನ್ನೂ ಕೇಳಿದ್ದಳು.

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮಾರನೇ ಬೆಳಿಗ್ಗೆಯೂ ಕೋಕಿ ಮಾಡಿ ಮೊಸರಿಟ್ಟು ಕೊಟ್ಟಳು. ಆದರೆ ಸಿಂಧಿಯಲ್ಲಿ ಮಾತಾಡಿದಳು. ಇಬ್ಬರೇ ಇದ್ದಾಗಲೂ ಸಿಂಧಿ. ಹಿರಿಯರ ಮುಂದೆ ಆಡುವ ಭಾಷೆ ಅದು. ಅವತ್ತಿನಿಂದ ನಾನು ಅವರ ಕಡೆಯವನಾದೆ ಅಂತ ಅರ್ಥ. ವಾರದೊಳಗೆ ಅವಳು ಮಾರೇನಹಳ್ಳಿಯಲ್ಲಿ ಒಂದು ಕೋಣೆ ನೋಡಿಕೊಂಡು, ಅದೇ ಟ್ರಂಕಿನ ಜೊತೆ ಹೋದಳು. ಅಲ್ಲಿಯ ಜಗಲಿಯ ಮೇಲೆ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿಕೊಂಡು ಇದ್ದಳು. ಅಧ್ಯಕ್ಷರ ಸೊಸೆಯ ಬೇಸರ ನೀಗಿತು. ನಾನು ವಿಜಯನಗರದ ಅಂಗಡಿಯ ಗಾದಿಯ ಮೇಲೆ ಕೂತೆ. ಅಲ್ಲಿಂದ ಅಕ್ಕನ ಮನೆಗೆ ನಡೆದುಹೋಗುವಷ್ಟು ದೂರ. ಎರಡು ವರ್ಷ ಆ ದೂರ ನಡೆಯಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೆಲಸ ಅಂದರೆ ಮಧ್ಯಾಹ್ನ ಮೂರು ಗಂಟೆ ನೊಣ ಓಡಿಸುವುದು.

ದಶಕ ಮುಗಿಯುವ ಹೊತ್ತಿಗೆ ಹೇರೋಹಳ್ಳಿ ಕಡೆ ಟ್ರಸ್ಟಿನ ಸ್ವಂತ ಕಟ್ಟಡ ಎದ್ದಿತು. ರಸ್ತೆ ಇರಲಿಲ್ಲ, ಉದ್ಘಾಟನೆಗೆ ಬಂದವರ ಕಾರು ಕೆಸರಿನಲ್ಲಿ ಹೂತುಕೊಂಡಿತು. ಅಮೃತಶಿಲೆಯ ಹಲಗೆ ಮಾತ್ರ ಮೂರು ಇದ್ದವು. ಅದರ ಜೊತೆಗೆ ಸಂಸ್ಥೆಯ ಚರಿತ್ರೆ ಅಚ್ಚು ಹಾಕಿಸಬೇಕು ಅಂತ ಆಯಿತು. ಬರೆಯಲು ಒಬ್ಬ ಮೇಷ್ಟರನ್ನು ಹಿಡಿದುಕೊಂಡು ಬಂದರು. ಶೆಡ್ಡಿನ ದಿನಗಳನ್ನು ಕಂಡವರು ಯಾರು ಅಂತ ಅವರು ಕೇಳಿದಾಗ ಹಿರಿಯರಿಗೆ ನೆನಪಾದದ್ದು ನಾನು. ಶೆಡ್ಡಿನೊಳಗೆ ಕಾಲಿಟ್ಟವರು ಅವರಲ್ಲಿ ಯಾರಿದ್ದರು?

ಮೇಷ್ಟರು ಅಂಗಡಿಗೇ ಬಂದರು. ನಾನು ಗಾದಿಯ ಮೇಲೆ ಕೂತು, ಕಾಫಿ ತರಿಸಿ, ಹಲಗೆ ಹೊತ್ತ ಕಥೆ ಹೇಳಿದೆ. ಗುಂಡಿಗಳನ್ನು ಹೇಳಿದೆ, ಮಳೆಯಲ್ಲಿ ಹಲಗೆಯ ಕೆಳಗೆ ನಡೆದದ್ದನ್ನು ಹೇಳಿದೆ. "ಪಾಠ ಮಾಡ್ತಿದ್ದೋರು ಯಾರು?" ಅಂತ ಅವರು ಕೇಳಿದರು.

ಹೇಳಲು ಎರಡನೇ ಅವಕಾಶ ಅದು. ಅಂಗಡಿಯಲ್ಲಿ ಅಧ್ಯಕ್ಷರು ಇರಲಿಲ್ಲ. ಬೆದರಿಸುವವರು ಯಾರೂ ಇರಲಿಲ್ಲ.

"ಒಬ್ಬರು ಹೆಣ್ಮಗಳು ಇದ್ರು" ಅಂದೆ. "ನಮ್ಮ ಸಮಾಜದೋರೇ."

ಪುಸ್ತಕ ಬಂತು. ಮೊದಲ ಪುಟದಲ್ಲಿ ಅಧ್ಯಕ್ಷರ ಭಾವಚಿತ್ರ, ಆಮೇಲೆ ಹವೇಲಿಗಳು, ಹಡಗು, ಶಿಬಿರ, ಕಣ್ಣೀರು. ಹನ್ನೆರಡನೇ ಪುಟದಲ್ಲಿ ಶೆಡ್ಡು. "ಆರಂಭದ ದಿನಗಳಲ್ಲಿ ಸಮಾಜದ ಒಬ್ಬ ಹೆಣ್ಣುಮಗಳು ಸೇವೆ ಸಲ್ಲಿಸಿದರು" ಅಂತ ಒಂದು ಸಾಲು. ಅದರ ಕೆಳಗೆ ಒಂದು ಇಡೀ ಪ್ಯಾರಾ ನನ್ನದು. ಕರಿಹಲಗೆಯನ್ನು ನಾಲ್ಕು ವರ್ಷ ತಲೆಯ ಮೇಲೆ ಹೊತ್ತ ನಿಷ್ಠಾವಂತ ಯುವಕ ಅಂತ, ಹೆಸರು ದಪ್ಪ ಅಕ್ಷರದಲ್ಲಿ. ನನ್ನ ಜೀವನದಲ್ಲಿ ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ.

ಗಾದಿಯ ಮೇಲೆ ಕೂತು ಅದನ್ನು ಬೆರಳಿಟ್ಟು ಓದಿದೆ. ಹಲಗೆ ಹೊತ್ತವನ ಹೆಸರಿತ್ತು. ಅದರ ಮೇಲೆ ಬರೆದವಳ ಹೆಸರಿರಲಿಲ್ಲ. ಆ ಹೆಸರನ್ನು ಅಳಿಸಿದ್ದು ಅಧ್ಯಕ್ಷರೂ ಅಲ್ಲ, ಮೇಷ್ಟರೂ ಅಲ್ಲ. ಅವರನ್ನು ಬೈಯುತ್ತ ಇಷ್ಟು ಪುಟ ಬರೆದೆ, ಅದಕ್ಕೆ ಅವರು ಯೋಗ್ಯರು. ಆದರೆ ಕೇಳಿದ ಎರಡೂ ಸಲ ಬಾಯಿ ಇದ್ದದ್ದು ನನಗೆ.

ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಮಾರೇನಹಳ್ಳಿಗೆ ನಡೆದೆ. ನಾಲ್ಕು ಗಂಟೆಯ ಸಮಯ. ಜಗಲಿಯ ಮೇಲೆ ಹತ್ತು ಹನ್ನೆರಡು ಮಕ್ಕಳು. ಗೋಡೆಗೆ ಒರಗಿಸಿದ್ದ ಹಲಗೆ ಹಳೆಯದೇ, ಮೂಲೆಯಲ್ಲಿ ನಾನು ಒಮ್ಮೆ ಬೀಳಿಸಿ ಮುರಿದ ಗುರುತು ಹಾಗೇ ಇತ್ತು. ಅಕ್ಕನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಪಾಠ ನಿಲ್ಲಿಸಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಲೆಕ್ಕ ಮುಗಿದ ಮೇಲೆ ನನ್ನ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡು, ಹನ್ನೆರಡನೇ ಪುಟ ಓದಿದಳು.

"ಎಡಕ್ಕೆ ಬಾ ಅಂದಿದ್ದು ಬರೆದಿಲ್ವಲ್ಲ" ಅಂದಳು. ಕನ್ನಡದಲ್ಲಿ.

ನಾನು ಕೂತಲ್ಲಿಂದಲೇ, ನೆಲ ನೋಡುತ್ತ, "ತಪ್ಪಾಯ್ತು ಅಕ್ಕ" ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

"ಹಂಗೆ ಹೇಳಿ ಕೂತ್ಕೊಳ್ಳೋ ಹಾಗಿಲ್ಲ ಇಲ್ಲಿ" ಅಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಹೇಳುವ ಧ್ವನಿಯೇ. "ಈ ಮಕ್ಕಳಿಗೆ ಒಂದು ನಿಯಮ, ನಿಂಗೊಂದು ನಿಯಮ ಮಾಡೋಕಾಗುತ್ತಾ?" ಅಂದು ಹಲಗೆ ಒರೆಸಲು ಆ ಕಡೆ ತಿರುಗಿದಳು.

ಮುಂದೆ ಕೂತಿದ್ದ ಒಬ್ಬ ಹುಡುಗ ನನಗೆ ದಾರಿ ತೋರಿಸುವವನ ಹಾಗೆ, "ಎದ್ದು ನಿಂತ್ಕೋಬೇಕು ಅಂಕಲ್, ಹೆಸ್ರು ಹೇಳ್ಬೇಕು" ಅಂದ.

ಎದ್ದು ನಿಂತೆ. ಇಷ್ಟು ವಯಸ್ಸಾದರೂ ಅಕ್ಕನ ಹೆಸರನ್ನು ಬಾಯಲ್ಲಿ ಹಿಡಿದವನಲ್ಲ ನಾನು, ಹಿರಿಯರ ಹೆಸರು ಹಿಡಿಯಬಾರದು. ಅವತ್ತು ಹಿಡಿದೆ. ಅವಳ ಹುಟ್ಟು ಹೆಸರು, ಹಳೆಯ ಪುಸ್ತಕದಲ್ಲಿದ್ದದ್ದು. ಅವಳು ತಿರುಗಿ ನೋಡಿದಳು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ನಾನು ನಿಲ್ಲಿಸಲಿಲ್ಲ.

"ಆ ಪುಸ್ತಕದಲ್ಲಿ ಇದ್ದಿದ್ದು ನೀನೇ ಅಂತ ನಂಗೆ ಗೊತ್ತಿತ್ತು. ನಾಲ್ಕು ವರ್ಷ ನಿನ್ನ ಪಕ್ಕದಲ್ಲೇ ಹಲಗೆ ಹೊತ್ಕೊಂಡು ನಡೆದಿದ್ದೆ. ಆಫೀಸರ್ ಕೇಳಿದಾಗ ಗೊತ್ತಿಲ್ಲ ಅಂದೆ. ಗಾದಿ ಆಸೆಗೆ ಅಂದೆ, ನೀನು ವಾಪಸ್ ಬಂದಿದ್ದಕ್ಕೆ ನಾಚಿಕೆ ಪಟ್ಕೊಂಡು ಅಂದೆ. ಈ ಪುಸ್ತಕಕ್ಕೆ ಮೇಷ್ಟ್ರು ಕೇಳಿದಾಗಲೂ ನಿನ್ನ ಹೆಸರು ಹೇಳ್ಲಿಲ್ಲ. ನಿನ್ನ ಶಾಲೆ ನಾನೇ ನಿನ್ನಿಂದ ಕಿತ್ಕೊಂಡೆ. ತಪ್ಪು ನಂದು ಅಕ್ಕ. ಕ್ಷಮಿಸು."